ಮೂರನೇ ಪ್ರಶ್ನೆಯ ಖರ್ಚು

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ರಂಗೇಶ್ ಚಿತ್ರದುರ್ಗದ ತನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು, ಏರುತ್ತಿದ್ದ ಎರಡು ವಸ್ತುಗಳನ್ನು ಒಟ್ಟಿಗೆ ಗಮನಿಸುತ್ತಿದ್ದ. ಒಂದು, ಒಲೆಯ ಮೇಲಿನ ಹಾಲು. ಇನ್ನೊಂದು, ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಮೇಲೇಳುತ್ತಿದ್ದ ನೀಲಿ ಗೆರೆ. ಹಾಲು ಅಂಚಿಗೆ ಬಂದಾಗ ಒಲೆ ಆರಿಸಿದ. ಗೆರೆಯನ್ನು ಆರಿಸಲು ಅಂಥ ತಿರುಪು ಇರಲಿಲ್ಲ. ಅದು ಆರೂವರೆಯವರೆಗೆ ಏರಿ ಏಳರ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಆ ದಿನದ ಖರ್ಚಿನ ಬಹುಪಾಲು ಆಗಿ ಹೋಗಿರುತ್ತಿತ್ತು.

ರಂಗೇಶ್ ಕೆಲಸ ಮಾಡುತ್ತಿದ್ದುದು ಕುರಿ ಸಾಕುವವರೂ ರೈತರೂ ಷೇರು ಹಾಕಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಯಲ್ಲಿ. ಹೊಳಲ್ಕೆರೆ ರಸ್ತೆಯ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯೇ ಅದರ ಆಫೀಸು. ಕಂಪನಿ ಉಣ್ಣೆ ಮಾರುತ್ತಿತ್ತು, ಔಷಧಿ ತರಿಸುತ್ತಿತ್ತು, ಜೊತೆಗೆ ಒಂದು ಫೋನ್ ಸೇವೆ ನಡೆಸುತ್ತಿತ್ತು. ಕುರಿ ಬಿಡುವ ಮೊದಲು ಕುರಿಗಾಹಿಗಳು ಒಂದು ನಂಬರಿಗೆ ಫೋನ್ ಮಾಡಿದರೆ, ನಿನ್ನೆ ಮಳೆ ಎಲ್ಲಿ ಬಿತ್ತು, ಲಸಿಕೆಯವರು ಯಾವ ಊರಿಗೆ ಬರುತ್ತಾರೆ, ಯಾರ ಹೊಲ ಖಾಲಿಯಿದೆ ಎಂಬುದು ಕೇಳಿಸುತ್ತಿತ್ತು. ಈ ಕೊನೆಯದಕ್ಕೇ ಹೆಚ್ಚು ಗಿರಾಕಿ. ಬಿ.ದುರ್ಗದ ರೈತನಿಗೆ ಗೊಬ್ಬರಕ್ಕಾಗಿ ನಾಲ್ಕು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಬೇಕು, ಹರಿಯಬ್ಬೆಯ ಮಂದೆಗೆ ತಂಗಲು ಜಾಗ ಬೇಕು. ಒಬ್ಬರಿಗೊಬ್ಬರನ್ನು ಹೊಂದಿಸುವುದು ಫೋನಿನ ಕೆಲಸ.

ಆ ಫೋನನ್ನು ಎತ್ತುತ್ತಿದ್ದುದು ಮನುಷ್ಯರಲ್ಲ, ಕಂಪ್ಯೂಟರುಗಳು. ಆ ಕಂಪ್ಯೂಟರುಗಳು ಆಫೀಸಿನಲ್ಲಿ ಇರಲಿಲ್ಲ. ಎಲ್ಲೋ ದೂರದಲ್ಲಿ, ಯಾರದೋ ದೊಡ್ಡ ಕಟ್ಟಡದಲ್ಲಿ ಇದ್ದವು. ಇದಕ್ಕೆ ಕ್ಲೌಡ್, ಅಂದರೆ ಮೋಡ, ಎನ್ನುತ್ತಾರೆ. ಟ್ರಾಕ್ಟರನ್ನು ಗಂಟೆ ಲೆಕ್ಕಕ್ಕೆ ಬಾಡಿಗೆಗೆ ತಂದಂತೆ: ಉಳುತ್ತಿದ್ದರೂ ಬಾಡಿಗೆ, ಹೊಲದ ಮೂಲೆಯಲ್ಲಿ ಇಂಜಿನ್ ಓಡುತ್ತ ನಿಂತಿದ್ದರೂ ಬಾಡಿಗೆ. ತಿಂಗಳಿಗೆ ಒಂದು ಬಿಲ್ಲು ಬರುತ್ತಿತ್ತು. ಯಾವ ಕೆಲಸಕ್ಕೆ ಎಷ್ಟು ಎಂಬುದು ಆ ಬಿಲ್ಲಿನಲ್ಲಿ ತಿಳಿಯುತ್ತಿರಲಿಲ್ಲ.

ಬಾಡಿಗೆಗೆ ಎಷ್ಟು ಕಂಪ್ಯೂಟರ್ ಇವೆ ಎಂದು ಕಂಪನಿಯ ಅಧ್ಯಕ್ಷ ಶಿವಕುಮಾರಪ್ಪ ಒಮ್ಮೆ ಕೇಳಿದ್ದರು.

"ಅವೆ ಸಾರ್" ಎಂದಿದ್ದ ರಂಗೇಶ್.

ಅವನು ಮುಚ್ಚಿಟ್ಟು ಮಾತಾಡಿದ್ದಲ್ಲ, ಅದು ಮನೆಯ ಅಭ್ಯಾಸ. ರಂಗೇಶನ ಅಪ್ಪ ಎತ್ತಪ್ಪ ಹರಿಯಬ್ಬೆಯ ಕುರಿಗಾಹಿ. ಆ ಮನೆಯಲ್ಲಿ ಮಂದೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಕಮ್ಮಿಯಾಗುತ್ತದೆ ಎಂಬ ನಂಬಿಕೆ. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಎತ್ತಪ್ಪ ಒಂದೊಂದೇ ಮುಖ ನೋಡಿ ಒಳಗೆ ಬಿಡುತ್ತಿದ್ದ. ಎಣಿಸುತ್ತಿರಲಿಲ್ಲ, ಬಾರದೆ ಉಳಿದದ್ದು ಯಾವುದೆಂದು ನೋಡುತ್ತಿದ್ದ. ಜಾನುವಾರು ಗಣತಿಗೆ ಬಂದವನಿಗೆ "ಎಣಿಸ್ಕಳ್ರಿ, ತುಟಿ ಮಾತ್ರ ಅಲ್ಲಾಡಿಸ್ಬ್ಯಾಡ್ರಿ" ಎಂದಿದ್ದ. ಮಗ ಎಲೆಕ್ಟ್ರಾನಿಕ್ಸ್ ಓದಿ ಬಿ.ಎಸ್ಸಿ. ಮಾಡಿದ. ಅಭ್ಯಾಸ ಹೋಗಲಿಲ್ಲ. ಕಂಪನಿ ಸೇರಿದ ಮೇಲೆ ಪ್ರತಿ ಸಭೆಯಲ್ಲೂ ಅಂಕಿ ಕೇಳಿದರೆ ಅವನು ಲ್ಯಾಪ್‌ಟಾಪಿನ ಪರದೆಯನ್ನು ಕೇಳಿದವರ ಕಡೆಗೆ ತಿರುಗಿಸುತ್ತಿದ್ದ. ನೋಡಿದವರು ಮನಸ್ಸಿನಲ್ಲೇ ಓದಿಕೊಂಡು ತಲೆಯಾಡಿಸುತ್ತಿದ್ದರು. ಬಾಡಿಗೆ ಕಂಪ್ಯೂಟರುಗಳಿಗೂ ಅವನು ಕುರಿಗಳ ಹೆಸರನ್ನೇ ಇಟ್ಟಿದ್ದ: ಕರಿಯ, ಕೆಂದ, ಬಿಳಿಮೂತಿ.

ಫೆಬ್ರವರಿಯ ಸಭೆಯಲ್ಲಿ ಶಿವಕುಮಾರಪ್ಪ ಬಿಲ್ಲನ್ನು ಮೇಜಿನ ಮೇಲಿಟ್ಟರು. ಒಂದು ಲಕ್ಷದ ಎಂಟು ಸಾವಿರ. ಹೊರಗಿನಿಂದ ಬರುತ್ತಿದ್ದ ಅನುದಾನ ನಿಂತಿತ್ತು.

"ನೋಡಪ್ಪ ರಂಗೇಶ, ಉಣ್ಣೆ ಮಾರಿ ಬಂದಿದ್ದೆಲ್ಲ ಈ ಮೋಡಕ್ಕೇ ಹಾಕಿದ್ರೆ ನಾವು ಕಂಬಳಿ ಹೊದ್ಕಂಡು ಮನಿಗೆ ಹೋಗಾಣ. ಮಾರ್ಚಿನ ಬಿಲ್ಲು ಐವತ್ತು ಸಾವಿರದೊಳಗೆ ಬಂದ್ರೆ ಫೋನು ಇರ್ತದೆ. ಬರ್ಲಿಲ್ಲಾಂದ್ರೆ ಏಪ್ರಿಲ್ ಸಭೆ ಆದ ದಿನನೇ ಬಂದ್ ಮಾಡಾಣ."

ಶಿವಕುಮಾರಪ್ಪ ಕೆಟ್ಟವರಲ್ಲ. ಬಿ.ದುರ್ಗದ ಅವರ ಸ್ವಂತ ಹೊಲಕ್ಕೂ ಕುರಿ ಸಿಕ್ಕಿದ್ದು ಇದೇ ಫೋನಿನಿಂದ. ಅದನ್ನೂ ಹೇಳಿ, ಬಂದ್ ಮಾಡುವ ಮಾತನ್ನು ಇನ್ನೊಮ್ಮೆ ಹೇಳಿದರು.

ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವರು ಇಬ್ಬರು. ರಂಗೇಶ್, ಮತ್ತು ಹೊಳಲ್ಕೆರೆಯ ಬಿಂದು. ಬಿಂದುವಿನ ಅಪ್ಪ ಪರಮೇಶ್ವರಪ್ಪನದು ಅಲ್ಲಿ ಕಿರಾಣಿ ಅಂಗಡಿ. ಸಂಜೆ ಗಲ್ಲಾ ಎಣಿಸಿ ಗಟ್ಟಿಯಾಗಿ ಹೇಳದೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಸಭೆಯ ಮರುದಿನವೇ ಅವಳು ಒಂದು ಡ್ಯಾಶ್‌ಬೋರ್ಡ್ ತಯಾರಿಸಲು ಕುಳಿತಳು. ಕಾರಿನಲ್ಲಿ ಡ್ರೈವರನ ಎದುರು ಡೀಸೆಲ್ ಎಷ್ಟಿದೆ, ವೇಗ ಎಷ್ಟಿದೆ ಎಂದು ತೋರಿಸುವ ಫಲಕ ಇರುತ್ತದಲ್ಲ, ಇದು ಖರ್ಚಿಗೆ ಅಂಥದ್ದು. ಆದರೆ ಅದು ಏನಾದರೂ ತೋರಿಸಬೇಕಾದರೆ ಪ್ರತಿಯೊಂದು ಖರ್ಚಿಗೂ ಒಂದು ಗುರುತಿನ ಚೀಟಿ ಕಟ್ಟಬೇಕು: ಇದು ಯಾವ ಕೆಲಸದ್ದು, ಯಾರದ್ದು.

"ಕಿವಿಗೆ ಗುರುತು ಹಾಕೋದು" ಎಂದ ರಂಗೇಶ್.

"ಹಂಗಂದ್ರೆ?"

"ಪರರ ಮಂದೆ ಜೊತೆ ಬೆರೆತ್ರೂ ನಮ್ಮದು ಗೊತ್ತಾಗ್ಲಿ ಅಂತ ಕುರಿ ಕಿವಿ ಕೊಯ್ದಿರ್ತೀವಿ."

"ನಾನು ಬರೀ ಹೆಸರು ಟೈಪ್ ಮಾಡ್ತೀನಿ ಸಾರ್" ಎಂದಳು ಬಿಂದು.

ನಾಲ್ಕು ದಿನ ಹೆಸರು ಟೈಪ್ ಮಾಡಿದರು. ರಾಶಿಯಾಗಿದ್ದ ಬಿಲ್ಲು ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಾಗಿ ನಿಂತಿತು. ರಂಗೇಶನಿಗೆ ಅದು ರೊಪ್ಪದ ಬಾಗಿಲಿನಂತೆಯೇ ಕಂಡಿತು. ಅವನು ಒಂದೊಂದೇ ಮುಖ ನೋಡಿದ. ಕರಿಯ ಕೆಲಸ ಮಾಡುತ್ತಿದ್ದ. ಕೆಂದನೂ ಮಾಡುತ್ತಿದ್ದ. ಬಿಳಿಮೂತಿಯನ್ನು ಎರಡು ವರ್ಷದ ಹಿಂದೆ ತರಬೇತಿಗೆ ಬಂದಿದ್ದ ಒಬ್ಬರು ಪರೀಕ್ಷೆಗೆಂದು ಶುರುಮಾಡಿ, ತರಬೇತಿ ಮುಗಿಸಿ, ಪ್ರಮಾಣಪತ್ರ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಅದು ಹಗಲೂ ರಾತ್ರಿ ಎಚ್ಚರವಾಗಿದ್ದು ಏನನ್ನೂ ಮಾಡಿರಲಿಲ್ಲ. ಅದರ ಜೊತೆ ಇನ್ನೆರಡು ಇದ್ದವು. ಮೂರನ್ನೂ ನಿಲ್ಲಿಸಿದರು. ತಿಂಗಳಿಗೆ ಏಳು ಸಾವಿರ ಉಳಿಯುವುದೆಂದು ಡ್ಯಾಶ್‌ಬೋರ್ಡು ಹಸಿರು ಬಾಣ ತೋರಿಸಿತು.

ಬೇಕಾಗಿದ್ದುದು ಐವತ್ತೆಂಟು ಸಾವಿರದ ಉಳಿತಾಯ. ಹಸಿರು ಬಾಣಕ್ಕೆ ಅದು ಗೊತ್ತಿರಲಿಲ್ಲ.

ಉಳಿದದ್ದು ಬೆಳಗಿನ ಗೆರೆ. ರಂಗೇಶ್ ಹಾಲು ಕಾಯಿಸುತ್ತ ಅದನ್ನು ನೋಡಿದ್ದು ಇದೇ ದಿನಗಳಲ್ಲಿ. ಒಟ್ಟು ಬಿಲ್ಲಿನ ನೂರಕ್ಕೆ ಅರವತ್ತೊಂದು ಪಾಲು ಬೆಳಗಿನ ಆ ಎರಡು ಗಂಟೆಗಳದ್ದು. ಕರೆ ಬರುವುದೇ ಆಗ, ಹಾಗಾಗಿ ಖರ್ಚೂ ಆಗಲೇ. ಅದನ್ನು ಕಡಿಮೆ ಮಾಡುವುದೆಂದರೆ ಫೋನನ್ನೇ ಕಡಿಮೆ ಮಾಡಿದಂತೆ. ಹೀಗೆಂದು ಅವನು ಮೂರು ದಿನ ನಂಬಿದ್ದ.

ನಾಲ್ಕನೆಯ ದಿನ ಬಿಂದು ಕರೆಯನ್ನೂ ತುಂಡು ಮಾಡಿ ಒಂದೊಂದು ತುಂಡಿಗೂ ಗುರುತು ಕಟ್ಟಿದಳು. ಫೋನಿನಲ್ಲಿ ಮೂರು ಪ್ರಶ್ನೆಗಳಿದ್ದವು. ಯಾವ ತಾಲೂಕು? ಅದಕ್ಕೆ ಗುಂಡಿ ಒತ್ತಬೇಕು. ಏನು ಬೇಕು, ಮಳೆಯೋ ಲಸಿಕೆಯೋ ಹೊಲವೋ? ಅದಕ್ಕೂ ಗುಂಡಿ. ಮೂರನೆಯದಕ್ಕೆ ಮಾತ್ರ ಬಾಯಲ್ಲಿ ಹೇಳಬೇಕು, ಹೇಳಿದ್ದನ್ನು ಕಂಪ್ಯೂಟರ್ ಕೇಳಿ ಬರೆದುಕೊಳ್ಳುತ್ತದೆ. ಹಾಗೆ ಕೇಳಿಸಿಕೊಳ್ಳಲು ಅದಕ್ಕೆ ನಿಮಿಷದ ಲೆಕ್ಕದಲ್ಲಿ ದುಡ್ಡು.

ಪರದೆಯ ಮೇಲೆ ಮೊದಲೆರಡು ಪ್ರಶ್ನೆಗಳ ಕಂಬಗಳು ಗೋಧಿ ಮೊಳಕೆಯಷ್ಟಿದ್ದವು. ಮೂರನೆಯದು ಪರದೆ ದಾಟಿತ್ತು.

"ಮೂರನೇ ಪ್ರಶ್ನೆ ಏನಿತ್ತು?" ಎಂದು ಕೇಳಿದ ರಂಗೇಶ್. ಅದನ್ನು ಅವನೇ ಎರಡು ವರ್ಷದ ಹಿಂದೆ ಓದಿ ಒಪ್ಪಿದ್ದ.

ಅನುದಾನ ಕೊಟ್ಟವರು ಕೇಳಿದ್ದರೆಂದು ಅದನ್ನು ಬರೆದವಳು ಬಿಂದು. ಫೋನಿನಲ್ಲಿದ್ದ ದನಿಯೂ ಅವಳದೇ. ಈಗಲೂ ಅದೇ ದನಿಯಲ್ಲಿ ಹೇಳಿದಳು: "ನಿಮ್ಮ ಬಳಿ ಒಟ್ಟು ಎಷ್ಟು ಕುರಿಗಳಿವೆ? ದಯವಿಟ್ಟು ಸಂಖ್ಯೆಯನ್ನು ಸ್ಪಷ್ಟವಾಗಿ ಹೇಳಿ."

ರಂಗೇಶ್ ಕಿಟಕಿಯಿಂದ ಕೆಳಗಿನ ಟೈರುಗಳನ್ನು ನೋಡಿದ.

"ಬಿಂದು, ಯಾರಾದ್ರೂ ಹೇಳಿದಾರಾ?"

"ಹೇಳಿರ್ಬೇಕಲ್ಲ ಸಾರ್. ದಿನಾ ಸಾವಿರದ ಇನ್ನೂರು ಕರೆ ಬರ್ತಾವೆ."

"ಯಾರೂ ಹೇಳಲ್ಲ. ಅದು ನಿನಗೂ ಗೊತ್ತಿರ್ತದೆ ಅಂತ ನಾನು ಅಂದ್ಕಂಡಿದ್ದೆ."

"ನಮ್ಮ ಅಂಗಡಿಲಿ ಕೇಳಿದ್ರೆ ಎಲ್ಲಾರೂ ಹೇಳ್ತಾರೆ ಸಾರ್" ಎಂದಳು ಬಿಂದು.

ಕರೆಗಳು ರೆಕಾರ್ಡ್ ಆಗುತ್ತಿದ್ದವು, ಆಗುತ್ತವೆಂದು ಕರೆಯ ಆರಂಭದಲ್ಲೇ ಹೇಳಲಾಗುತ್ತಿತ್ತು. ಇಬ್ಬರೂ ಕುಳಿತು ಕೇಳಿದರು. ಮೊದಲನೆಯದರಲ್ಲಿ ಪ್ರಶ್ನೆ, ಆಮೇಲೆ ಇಪ್ಪತ್ತು ಸೆಕೆಂಡು ಕುರಿ ಕೊರಳ ಗಂಟೆಯ ಸದ್ದು. ಮತ್ತೆ ಪ್ರಶ್ನೆ, ನಾಯಿ ಬೊಗಳಿದ್ದು. ಮತ್ತೆ ಪ್ರಶ್ನೆ, ಯಾರೋ ಕೆಮ್ಮಿದ್ದು. ಮೂರು ಸಲ ಕೇಳಿ ಸುಸ್ತಾದ ಯಂತ್ರ ಮುಂದಕ್ಕೆ ಹೋಯಿತು. ಹೀಗೇ ನೂರಾರು ಕರೆಗಳು. ಕಂಪನಿ ತಿಂಗಳಿಗೆ ಅರವತ್ತಾರು ಸಾವಿರ ಕೊಟ್ಟು, ಜನ ಸುಮ್ಮನಿರುವುದನ್ನು ಕೇಳಿಸಿಕೊಳ್ಳುತ್ತಿತ್ತು.

ಸುಮ್ಮನಿರದವರೂ ಇದ್ದರು.

"ಅದನ್ಯಾಕೆ ಕೇಳ್ತೀಯವ್ವ ಬೆಳಿಗ್ಗೆ ಬೆಳಿಗ್ಗೆ."

"ಇದಾವೆ. ಮಳೆ ಎಲ್ಲಾತು ಹೇಳು."

"ನಿಂಗ್ಯಾಕೆ, ಕೊಂಡ್ಕಂತೀಯಾ?"

ಕಾಳಕ್ಕ ಎಂಬ ಹೆಂಗಸು ಒಬ್ಬಳೇ ಒಂದು ಸಂಖ್ಯೆ ಹೇಳಿದ್ದಳು: "ಮೂರು ಗುಂಟೆ ತುಂಬ್ತಾವೆ ಕಣವ್ವ, ಬರ್ಕ." ರಾತ್ರಿ ಮಂದೆ ಮಲಗಿದರೆ ಮೂರು ಗುಂಟೆ ನೆಲ ತುಂಬುತ್ತದೆ ಎಂದು ಅರ್ಥ. ಯಂತ್ರ ಅದನ್ನು ಮೂರು ಕುರಿ ಎಂದು ಬರೆದುಕೊಂಡು, ಅವಳಿಗೆ ಹೊಲ ಕೊಡಲಾಗದೆಂದು ವಿನಯದಿಂದ ತಿಳಿಸಿತ್ತು.

ಸುಮ್ಮನಿದ್ದವರನ್ನು ಯಂತ್ರ ಮೂರು ಸಲಕ್ಕೆ ಬಿಡುತ್ತಿತ್ತು. ಮಾತಾಡಿದವರನ್ನು ಬಿಡುತ್ತಿರಲಿಲ್ಲ. ಉತ್ತರ ಬರುತ್ತಿದೆ ಎಂದುಕೊಂಡು "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದು ಕೇಳುತ್ತಲೇ ಇರುತ್ತಿತ್ತು. ಬಿಂದು ಕರೆಗಳನ್ನು ಖರ್ಚಿನ ಪ್ರಕಾರ ಸಾಲು ಮಾಡಿದಳು.

"ಸಾರ್, ಇಲ್ಲಿ ನೋಡ್ರಿ. ಒಂದೇ ನಂಬರು. ದಿನಾ ಏಳು ನಿಮಿಷ. ಇಡೀ ಜಿಲ್ಲೆಗೇ ಇವರೇ ಮೊದಲು."

ರಂಗೇಶ್ ನಂಬರಿನ ಕೊನೆಯ ನಾಲ್ಕು ಅಂಕೆ ನೋಡಿದ.

"ಗೊತ್ತು" ಎಂದ.

"ಯಾರು ಸಾರ್?"

"ನಮ್ಮಪ್ಪ."

ಬಿಂದು ಒಂದು ಕರೆಯನ್ನು ಹಾಕಿದಳು. ಎಷ್ಟು ಕುರಿಗಳಿವೆ ಎಂದು ಅವಳದೇ ದನಿ ಕೇಳಿತು. "ಅವೆ ಕಣವ್ವ, ಚೆನ್ನಾಗವೆ" ಎಂದ ಎತ್ತಪ್ಪ. ಕ್ಷಮಿಸಿ, ಅರ್ಥವಾಗಲಿಲ್ಲ. "ಇರ್ಲಿ ಬಿಡು, ನಂಗೂ ಕಿವಿ ಸರಿಯಾಗಿ ಕೇಳಲ್ಲ. ನೀನು ಯಾರ ಮಗಳವ್ವ?" ದಯವಿಟ್ಟು ಸಂಖ್ಯೆಯನ್ನು ಸ್ಪಷ್ಟವಾಗಿ ಹೇಳಿ. "ಊಟ ಮಾಡ್ದೇನು? ಇಷ್ಟೊತ್ತಿಗೆ ಎಬ್ಬಿಸಿ ಕೂರಿಸ್ತಾರಲ್ಲ ನಿನ್ನ." ಹಿಂದಿನ ದಿನದ ಕರೆಯಲ್ಲೂ ಅವನು ಅವಳು ಯಾರ ಮಗಳೆಂದು ಕೇಳಿದ್ದ. ಅದರ ಹಿಂದಿನ ದಿನವೂ.

ಬಿಂದು ಸ್ಪೀಕರ್ ನಿಲ್ಲಿಸಿದಳು. "ಎರಡು ವರ್ಷದಿಂದ ಕೇಳ್ತಿದಾರಾ ಸಾರ್?"

"ಕೇಳಿರ್ತಾರೆ."

"ನಾನು ಹೇಳೇ ಇಲ್ಲ" ಎಂದಳು.

ಭಾನುವಾರ ರಂಗೇಶ್ ಬೈಕಿನಲ್ಲಿ ಹೊಸದುರ್ಗದ ಕಡೆಗೆ ಹೋದ. ಎತ್ತಪ್ಪ ಅಲ್ಲಿ ಒಂದು ರಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು, ಕಂಬಳಿಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಬಂದೇನ್ಲಾ. ಕುಂತ್ಕ."

"ಅಪ್ಪ, ದಿನಾ ಫೋನಾಗೆ ಏಳು ನಿಮಿಷ ಏನು ಮಾತಾಡ್ತೀಯ?"

"ಆ ಹುಡ್ಗಿ ಕೇಳ್ತಾಳೆ. ಕೇಳಿದ ಮ್ಯಾಲೆ ಉತ್ರ ಕೊಡ್ದಂಗೆ ಇರಕ್ಕಾಗ್ತದಾ?"

"ಅದು ಹುಡ್ಗಿ ಅಲ್ಲಪ್ಪ, ರೆಕಾರ್ಡಿಂಗು."

"ಗೊತ್ತು ಕಣ್ಲಾ. ರೆಕಾರ್ಡು ಮಾಡ್ವಾಗ ಹುಡ್ಗಿನೇ ತಾನೇ ಇದ್ದಿದ್ದು?"

ರಂಗೇಶ್ ಬೇರೆ ದಾರಿ ಹಿಡಿದ. "ನೀನು ಮಾತಾಡಿದಷ್ಟೂ ದುಡ್ಡು ಹೋಗ್ತದೆ."

"ಯಾರ್ದು?"

"ಕಂಪನಿದು."

"ಕಂಪನಿ ಯಾರ್ದು?"

"ನಿನ್ನಂಥ ಷೇರುದಾರರ್ದು."

ಎತ್ತಪ್ಪ ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿದ. "ಹಂಗಾರೆ ನನ್ನ ದುಡ್ಡಿನಾಗೆ ನಾನು ಮಾತಾಡಿದ್ದು."

ಆಗ ರಂಗೇಶ್ ವಿಷಯ ಹೇಳಿದ. ಬಿಲ್ಲು ಇಳಿಯದಿದ್ದರೆ ಏಪ್ರಿಲಿಗೆ ಫೋನು ಬಂದ್. ಎತ್ತಪ್ಪ ತಮಾಷೆ ಬಿಟ್ಟ. ಫೋನು ಬರುವ ಮೊದಲು ಒಂದು ಹೊಲ ಸಿಗಬೇಕಾದರೆ ಅವನು ಮಂದೆಯನ್ನು ಮೈದುನನ ಕೈಗೆ ಕೊಟ್ಟು ಊರಿಂದೂರಿಗೆ ನಡೆದು ಬಾಗಿಲು ಬಾಗಿಲಿಗೆ ಕೇಳಬೇಕಿತ್ತು. ಈಗ ಆ ಮೊಣಕಾಲಿನಲ್ಲಿ ಊರಿಂದೂರಿಗೆ ನಡೆಯುವುದು ಆಗುತ್ತಿರಲಿಲ್ಲ. ಫೋನು ನಿಂತರೆ ಮಂದೆ ಮಾರಬೇಕು. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

"ಗುಂಟೆ ಕೇಳಿದ್ರೆ ಹೇಳ್ತೀಯಾ?" ಎಂದು ಕೇಳಿದ ರಂಗೇಶ್. "ಮಂದೆ ಎಷ್ಟು ಗುಂಟೆ ತುಂಬ್ತದೆ ಅಂತ?"

"ಗುಂಟೆ ನೆಲದ ಲೆಕ್ಕ. ನೆಲ ಎಣಿಸಿದ್ರೆ ಕಮ್ಮಿ ಆಗ್ತದಾ? ಕೇಳು, ಹೇಳಾಣ." ಆಮೇಲೆ ಎತ್ತಪ್ಪ ಕೇಳಿದ, "ಬಿಲ್ಲು ಎಷ್ಟು ಬರ್ತದೆ?"

"ಬರ್ತದೆ" ಎಂದ ರಂಗೇಶ್.

ಎತ್ತಪ್ಪ ಮಗನನ್ನು ನೋಡಿದ. "ಲೇ, ಅದನ್ಯಾಕೆ ಮುಚ್ಚಿಡ್ತೀಯ? ಕುರಿ ಹೆಚ್ಚಾಗ್ಲಿ ಅಂತ ನಾವು ಬಾಯಿಬಿಡಲ್ಲ. ನಿನ್ನ ಬಿಲ್ಲು ಹೆಚ್ಚಾಗ್ಬೇಕಾ?"

"ಬ್ಯಾಡ."

"ಮತ್ತೆ? ಹೇಳಿದ್ದು ಕಮ್ಮಿ ಆಗ್ತದೆ ಅಂತಂದ್ರೆ ನಾಲ್ಕು ಜನದ ಕಿವಿಗೆ ಬೀಳೋ ಹಂಗೆ ಗಟ್ಟಿಯಾಗಿ ಹೇಳು."

ರಂಗೇಶ್ ವಿಜ್ಞಾನದ ಪದವೀಧರ. ವಾಪಸು ಬರುವಾಗ ದಾರಿಯುದ್ದಕ್ಕೂ ಈ ವಾದದಲ್ಲಿ ತಪ್ಪು ಹುಡುಕಿದ. ಮೊದಲ ಹೆಜ್ಜೆಯನ್ನು ಒಪ್ಪಿಕೊಂಡರೆ ಉಳಿದದ್ದು ಸರಿಯಾಗಿಯೇ ಇತ್ತು.

ಫೆಬ್ರವರಿ ಮುಗಿಯುವುದರೊಳಗೆ ಬಿಂದು ಮೂರನೇ ಪ್ರಶ್ನೆಯನ್ನು ಮತ್ತೆ ರೆಕಾರ್ಡ್ ಮಾಡಿದಳು. ದಯವಿಟ್ಟು, ಸ್ಪಷ್ಟವಾಗಿ ಎಲ್ಲ ಹೋದವು. "ನಿಮ್ಮ ಮಂದೆ ಮಲಗಿದ್ರೆ ಎಷ್ಟು ಗುಂಟೆ ತುಂಬ್ತದೆ? ಗುಂಟೆ ಎಷ್ಟೋ ಆ ಗುಂಡಿ ಒತ್ರಿ." ಅಷ್ಟೇ. ಗುಂಡಿ ಒತ್ತುವುದನ್ನು ಕೇಳಿಸಿಕೊಳ್ಳಲು ನಿಮಿಷದ ಲೆಕ್ಕದ ಯಂತ್ರ ಬೇಡ. ರೈತರಿಗೂ ತಿಳಿಯಬೇಕಾಗಿದ್ದುದು ಎಷ್ಟು ನೆಲ ತುಂಬುತ್ತದೆ ಎಂಬುದೇ. ಕಾಳಕ್ಕನಿಗೆ ಮೂರನೆಯ ದಿನ ಬಿ.ದುರ್ಗದಲ್ಲಿ ಹೊಲ ಸಿಕ್ಕಿತು.

ಬೆಳಗಿನ ಗೆರೆ ಮಲಗಿತು. ರಂಗೇಶ್ ಅದನ್ನು ನೋಡುತ್ತ ನಿಂತು ಒಮ್ಮೆ ಹಾಲು ಉಕ್ಕಿಸಿದ.

ಎತ್ತಪ್ಪನ ಕರೆ ನಲವತ್ತು ಸೆಕೆಂಡಿಗೆ ಮುಗಿಯತೊಡಗಿತು. ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ಅವನು ಮಗನಿಗೇ ಫೋನ್ ಮಾಡಿದ.

"ಆ ಹುಡ್ಗಿಗೆ ಏನಾಗೈತ್ಲಾ? ಬಿರಬಿರ ಹೇಳಿ ಇಟ್ಬಿಡ್ತಾಳೆ. ಸಿಟ್ಟಾ?"

ರಂಗೇಶ್ ಇದನ್ನು ಬಿಂದುವಿಗೆ ಹೇಳಿದ. ಬಿಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕರೆಯ ಆರಂಭಕ್ಕೆ ಇನ್ನೊಂದು ಸಾಲು ಸೇರಿಸಿದಳು. ಮರುದಿನದಿಂದ ಫೋನ್ ಮಾಡಿದವರಿಗೆಲ್ಲ ಅದು ಕೇಳಿಸಿತು: "ನಮಸ್ಕಾರ. ನಾನು ಬಿಂದು, ಹೊಳಲ್ಕೆರೆ ಪರಮೇಶ್ವರಪ್ಪನ ಮಗಳು. ಊಟ ಆತು."

ಡ್ಯಾಶ್‌ಬೋರ್ಡು ಅದನ್ನು ತಕ್ಷಣ ಹಿಡಿಯಿತು. ತಿಂಗಳಿಗೆ ಮುನ್ನೂರು ರೂಪಾಯಿ, ತೆಗೆಯಬಹುದು ಎಂದು ಸಲಹೆ ಕೊಟ್ಟಿತು. ಸಲಹೆಯ ಪಕ್ಕದಲ್ಲಿ ಕಾರಣ ಬರೆಯಲು ಜಾಗವಿತ್ತು. ರಂಗೇಶ್ "ಬೇಕು" ಎಂದು ಬರೆದು ಮುಚ್ಚಿದ.

ಏಪ್ರಿಲ್ ಸಭೆಗೆ ಹನ್ನೊಂದು ಜನ ನಿರ್ದೇಶಕರು ಬಂದರು. ಮಾರ್ಚಿನ ಬಿಲ್ಲು ಹಿಂದಿನ ದಿನವಷ್ಟೇ ಬಂದಿತ್ತು, ರಂಗೇಶ್, ಬಿಂದು ಬಿಟ್ಟು ಯಾರೂ ನೋಡಿರಲಿಲ್ಲ. ಶಿವಕುಮಾರಪ್ಪ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸಭೆ ಶುರುವಾಗುವ ಮೊದಲೇ ಮುಗಿದಿತ್ತು. ತಿರುಗಿಸಿ ತೋರಿಸಲು ಪರದೆಯೇ ಇರಲಿಲ್ಲ.

"ಫೋನಿಂದು ಹೇಳಪ್ಪ" ಎಂದರು ಶಿವಕುಮಾರಪ್ಪ. "ಎಷ್ಟು ಬಂತು?"

ಬಿಂದು ರಂಗೇಶನನ್ನು ನೋಡಿದಳು. ತಾನೇ ಹೇಳಲೇ ಎಂಬಂತೆ ಬಾಯಿ ತೆರೆದಳು. ರಂಗೇಶ್ ಕೈಯೆತ್ತಿ ಬೇಡವೆಂದ. ಎದ್ದು ನಿಂತ. ಆ ಸಭೆಯಲ್ಲಿ ಅವನು ಎದ್ದು ನಿಂತದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಕಿಟಕಿ ತೆರೆದಿತ್ತು. ಆಮೇಲೆ ಅವನು ಹೇಳಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ, ಕೆಳಗೆ ಟೈರ್ ಅಂಗಡಿಯವರು ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡಿದರು.

"ಮೂವತ್ತೈದು ಸಾವಿರದ ಇನ್ನೂರ ಹತ್ತು."